ಮಳೆಯ ದಾರಿಗೆ ಯಾರ ಮೆಟ್ಟು?

ಶಿವಮೊಗ್ಗ ಬಿಟ್ಟ ಸಾಗರದ ಬಸ್ಸು ಗಾಡಿಕೊಪ್ಪ ದಾಟಿ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದ ಗೇಟನ್ನು ಹಿಂದೆ ಹಾಕುವಷ್ಟರಲ್ಲಿ, ಆಷಾಢದ ದಿನವಾದರೆ, ಕಿಟಕಿ ಎಳೆಯುವ ಸದ್ದು ಒಂದೊಂದಾಗಿ ಕೇಳತೊಡಗುತ್ತದೆ. ಇಲ್ಲಿಂದ ಪಡುವಣಕ್ಕೆ ಹೋದಂತೆಲ್ಲ ಮಳೆ ಬಲಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ಅದೇ ಜಿಲ್ಲೆಯ ಆಗುಂಬೆಯಲ್ಲಿ ಅದು ಏಳು ಸಾವಿರವನ್ನೂ ಮೀರುತ್ತದೆ. ಎರಡರ ನಡುವೆ ನೂರು ಕಿಲೋಮೀಟರ್ ದೂರವೂ ಇಲ್ಲ. ಬಸ್ಸಿನಲ್ಲಿ ಕೂತವರಿಗೆ ಇದು ಕಿಟಕಿಯ ವಿಚಾರ. ನಡೆದು ಹೊರಟವರಿಗೆ ಕಾಲಿನ ವಿಚಾರ: ತ್ಯಾವರೆಕೊಪ್ಪದ ಡಾಂಬರಿನ ಮೇಲೆ ಹಿತವಾಗಿದ್ದ ಚಪ್ಪಲಿ ಆಯನೂರು, ಕುಂಸಿ ಕಳೆದು ಆನಂದಪುರ ಮುಟ್ಟುವ ಹೊತ್ತಿಗೆ ಬೆರಳ ಸಂದನ್ನೆಲ್ಲ ಉಜ್ಜಿ ಕೆಂಪು ಮಾಡಿರುತ್ತದೆ.

ಏನು ಮೆಟ್ಟಬೇಕು ಎಂಬುದಕ್ಕೆ ಅಂಗಡಿಯಲ್ಲಿ ಉತ್ತರಗಳಿವೆ, ಒಂದೊಂದಕ್ಕೆ ಒಂದೊಂದು ಬೆಲೆ. ದುಬಾರಿ ಉತ್ತರವೆಂದರೆ ‘ವಾಟರ್‌ಪ್ರೂಫ್’ ಬೂಟು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಝಟ್ಟನೆ ಎಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಪೊರೆಯಾಗಿಸುವ ಬಗೆ ಕಂಡುಕೊಂಡರು. ನೀರಿನ ಹನಿ ಒಳಗೆ ಬಾರದು, ಬೆವರಿನ ಆವಿ ಹೊರಗೆ ಹೋಗುತ್ತದೆ ಎಂಬುದು ಆ ಪೊರೆಯ ಭರವಸೆ. ಆದರೆ ಆವಿ ಹೊರಟು ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕಲ್ಲ? ಮಲೆನಾಡಿನ ಆಷಾಢದಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಮೇಲಾಗಿ ಮಳೆ ಬೂಟಿನ ಮೈ ತೂರಿ ಬರುವ ಕಷ್ಟವನ್ನೇ ತೆಗೆದುಕೊಳ್ಳುವುದಿಲ್ಲ. ಮೊಣಕಾಲಿನಗುಂಟ ಇಳಿದು ಬೂಟಿನ ಬಾಯಿಯಿಂದ ಒಳಸೇರುತ್ತದೆ. ಹೀಗೆ ಸೇರಿದ ನೀರಿಗೆ ಹೊರದಾರಿಯಿಲ್ಲ, ಪೊರೆ ಎರಡೂ ಕಡೆಯಿಂದ ಬಾಗಿಲು ಹಾಕಿರುತ್ತದೆ.

ಚರ್ಮದ ಚಪ್ಪಲಿಯ ಪಾಡು ಬೇರೆ. ಅಥಣಿ, ನಿಪ್ಪಾಣಿ ಕಡೆ ಹೊಲಿಯುವ, ಕೊಲ್ಹಾಪುರಿ ಎಂಬ ಹೆಸರಿನಲ್ಲಿ 2019ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಸೇರಿ ಭೌಗೋಳಿಕ ಗುರುತು ಪಡೆದ ಜೋಡು ಬಯಲುಸೀಮೆಯ ಬಿಸಿಲಿಗೆ ಹೇಳಿ ಮಾಡಿಸಿದ್ದು. ತೊಗಟೆ, ಕಾಯಿಗಳ ರಸದಲ್ಲಿ ಹದಗೊಳಿಸಿದ ಆ ಚರ್ಮ ನೀರನ್ನು ಹೀರಿ ಭಾರವಾಗುತ್ತದೆ, ಸಡಿಲಗೊಳ್ಳುತ್ತದೆ, ಒಣಗಿದಾಗ ಸೆಟೆದುಕೊಳ್ಳುತ್ತದೆ, ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಹವಾಯಿ ಚಪ್ಪಲಿ ಅಗ್ಗ, ನೀರಿಗೆ ಹೆದರದು. ಆದರೆ ಹೆಜ್ಜೆಗೊಮ್ಮೆ ಕೆಸರನ್ನು ಬೆನ್ನಿನವರೆಗೆ ಚಿಮ್ಮಿಸುತ್ತದೆ, ಪಾಚಿ ಕಟ್ಟಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ನಂಬಿಕಸ್ಥನಲ್ಲ. ಗಂಬೂಟು ತೋಟಕ್ಕೆ ಸರಿ, ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆಯುವವರ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸದೆ ಬಿಡದು. ಭಾರವೂ ಕಾಡುತ್ತದೆ: ಪಾದಕ್ಕೆ ಕಟ್ಟಿದ ಒಂದು ಕಿಲೋ, ಬೆನ್ನಿಗೆ ಹೊತ್ತ ನಾಲ್ಕರಿಂದ ಆರು ಕಿಲೋದಷ್ಟು ಶಕ್ತಿಯನ್ನು ತಿನ್ನುತ್ತದೆ ಎಂದು ಸೈನಿಕರ ನಡಿಗೆಯನ್ನು ಅಳೆದವರು ತೋರಿಸಿದ್ದಾರೆ.

ಹಾಗಾಗಿ ದೂರದ ನಡಿಗೆಯಲ್ಲಿ ಪಳಗಿದವರು ಕೊನೆಗೆ ಬಂದು ನಿಲ್ಲುವ ಲೆಕ್ಕಾಚಾರ ಅಂಗಡಿಯವರಿಗೆ ಅಷ್ಟು ಇಷ್ಟವಾಗುವಂಥದ್ದಲ್ಲ. ನೀರನ್ನು ತಡೆಯುವ ಆಸೆ ಬಿಡಬೇಕು. ಬಂದ ನೀರು ಬಂದಷ್ಟೇ ಬೇಗ ಹೋಗುವಂಥ ತೆಳು ಜಾಲರಿಯ ಹಗುರ ಷೂ, ಇಲ್ಲವೆ ಹಿಮ್ಮಡಿಗೆ ಪಟ್ಟಿಯಿರುವ, ತಳದಲ್ಲಿ ಹಿಡಿತವಿರುವ ರಬ್ಬರ್ ಸ್ಯಾಂಡಲ್. ಹೊರಡುವ ಮುನ್ನ ಅಂಗಾಲಿಗೂ ಬೆರಳ ಸಂದಿಗೂ ಎಣ್ಣೆ. ರಾತ್ರಿ ತಂಗಿದಲ್ಲಿ ಕಾಲು ತೊಳೆದು ಪೂರ್ತಿ ಒಣಗಿಸಿ ಮಲಗುವುದು. ದಿನಗಟ್ಟಲೆ ಒದ್ದೆಯಲ್ಲೇ ಇದ್ದ ಚರ್ಮ ಬೆಳ್ಳಗೆ ನೆನೆದು, ಸುಕ್ಕುಗಟ್ಟಿ, ಸಣ್ಣ ಉಜ್ಜಾಟಕ್ಕೂ ಕಿತ್ತು ಬರುತ್ತದೆ. ಹಗಲಿನ ಒದ್ದೆಯನ್ನು ರಾತ್ರಿಯ ಒಣಗು ಸರಿದೂಗಿಸಬೇಕು. ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ, ಉಪ್ಪು ಬೇರೆ ಇದ್ದೇ ಇವೆ.

ಇಷ್ಟೆಲ್ಲ ಕಾಲಿನ ಯೋಗಕ್ಷೇಮದ ಮಾತು. ಧರ್ಮಗಳು ಇದೇ ಪ್ರಶ್ನೆಯನ್ನು ಎತ್ತಿಕೊಂಡಾಗ ಮಾತು ತಿರುಗುವ ದಿಕ್ಕೇ ಬೇರೆ. ಅವುಗಳ ಮೊದಲ ಉತ್ತರ ಅಂಗಡಿಯವರ ಎದೆ ಒಡೆಯುವಂಥದ್ದು: ಮಳೆಯಲ್ಲಿ ನಡೆಯಲೇ ಬೇಡಿ.

ಕನ್ನಡನಾಡಿನ ದೊಡ್ಡ ಪಾದಯಾತ್ರೆಗಳ ಪಂಚಾಂಗ ನೋಡಿದರೆ ಈ ವಿವೇಕ ಎದ್ದು ಕಾಣುತ್ತದೆ. ಧರ್ಮಸ್ಥಳಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ಜನ ನಡೆಯುವುದು ಶಿವರಾತ್ರಿಗೆ, ಮೈಲಾರಕ್ಕೆ ಭರತ ಹುಣ್ಣಿಮೆಗೆ, ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಯುಗಾದಿಯ ಮುಂಚೆ. ಬಿಸಿಲು ಸುಡುತ್ತದೆ, ಆದರೆ ಹೊಳೆ ಅಡ್ಡ ಬರುವುದಿಲ್ಲ, ಹೊಲದಲ್ಲಿ ಬೆಳೆಯೂ ಇರುವುದಿಲ್ಲ. ನಡೆಯುವುದೇ ವ್ರತವಾದ ಸಂನ್ಯಾಸಿಗಳು ಆಷಾಢದಲ್ಲಿ ಒಂದೆಡೆ ನೆಲೆ ನಿಲ್ಲುತ್ತಾರೆ. ಹೊಸನಗರ ತಾಲ್ಲೂಕಿನಲ್ಲಿ ಹೊಂಬುಜದ ಜೈನಮಠವೂ ಇದೆ, ಅದ್ವೈತ ಪರಂಪರೆಯ ರಾಮಚಂದ್ರಾಪುರ ಮಠವೂ ಇದೆ. ತತ್ತ್ವದಲ್ಲಿ ಎಷ್ಟೇ ದೂರವಿದ್ದರೂ ಎರಡು ಪರಂಪರೆಗಳೂ ಚಾತುರ್ಮಾಸ್ಯವನ್ನು ಒಪ್ಪುತ್ತವೆ. ಯತಿಗಳು ವ್ಯಾಸಪೂರ್ಣಿಮೆಗೆ ಕೂತರೆ ಎರಡು ತಿಂಗಳು, ದಿಗಂಬರ ಮುನಿಗಳು ಕೂತರೆ ಕಾರ್ತೀಕದವರೆಗೆ. ಮಳೆಗೆ ಹೆಸರಾದ ಹುಲಿಕಲ್ಲಿನ ಘಟ್ಟವಿರುವ ತಾಲ್ಲೂಕಿನಲ್ಲಿ ಈ ನಿಯಮಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಆದರೆ ನಿಯಮಕ್ಕೆ ಕೊಟ್ಟ ಕಾರಣವನ್ನು ಗಮನಿಸಬೇಕು. ಮುನಿಯ ಕಾಲು ನೋಯುತ್ತದೆಂದು ಯಾರೂ ಹೇಳಲಿಲ್ಲ. ಮಳೆಗೆ ನೆಲದಿಂದ ಏಳುವ ಹುಳುಹುಪ್ಪಟೆ, ಮೊಳಕೆ, ಹಸಿ ಹುಲ್ಲು ಕಾಲ ಕೆಳಗೆ ಸಿಕ್ಕಿ ನಲುಗುತ್ತವೆ ಎಂಬುದೇ ಕಾರಣ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಈ ದೂರನ್ನು ತರುವವರು ಊರಿನ ಜನ: ಹಕ್ಕಿಗಳು ಕೂಡ ಮಳೆಗಾಲಕ್ಕೆ ಗೂಡು ಕಟ್ಟಿ ಕೂರುತ್ತವೆ, ಈ ಭಿಕ್ಷುಗಳು ಮಾತ್ರ ಹಸುರನ್ನು ತುಳಿಯುತ್ತ ತಿರುಗುತ್ತಾರೆ ಎಂದು ಅವರು ಗೊಣಗಿದ ಮೇಲೆ ಬುದ್ಧ ಮೂರು ತಿಂಗಳ ವರ್ಷಾವಾಸವನ್ನು ವಿಧಿಸುತ್ತಾನೆ. ಜೈನ ಮುನಿ ಬೇರೆ ಕಾಲದಲ್ಲಿ ನಡೆಯುವಾಗಲೂ ಬರಿಗಾಲು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಹಗಲಿನಲ್ಲೇ ಹೆಜ್ಜೆಯಿಡುವ ಈರ್ಯಾ ಸಮಿತಿ ಅವನ ವ್ರತಗಳಲ್ಲೊಂದು. ಬರಿ ಅಂಗಾಲಿಗೆ ಕೆಳಗಿರುವುದು ಗೊತ್ತಾಗುತ್ತದೆ, ದಪ್ಪ ಅಟ್ಟೆಗೆ ಗೊತ್ತಾಗುವುದಿಲ್ಲ. ಇದು ಅನುಭವಕ್ಕೆ ಒಪ್ಪುವ ಮಾತೇ. ಗಂಬೂಟು ತೊಟ್ಟವರ ಹೆಜ್ಜೆ ಎಷ್ಟು ಉಡಾಫೆಯದು ಎಂಬುದನ್ನು ಅಡಿಕೆ ತೋಟದ ಹೊಸ ಸಸಿಗಳನ್ನೇ ಕೇಳಬೇಕು.

ಇನ್ನು ಕೂರಲಾರದೆ ನಡೆಯಲೇಬೇಕಾದವರಿಗೆ ಏನು? ಮಹಾವಗ್ಗದಲ್ಲಿ ಚರ್ಮಕ್ಕೇ ಮೀಸಲಾದ ಒಂದು ಅಧ್ಯಾಯವಿದೆ. ಅದರ ನಾಯಕ ಸೋಣ ಕೋಳಿವಿಸ, ಚಂಪಾ ನಗರದ ಸಿರಿವಂತ ಶೆಟ್ಟಿಯ ಮಗ. ನೆಲಕ್ಕೆ ಕಾಲಿಡದೆ ಬೆಳೆದ ಅವನ ಅಂಗಾಲಿನಲ್ಲಿ ಕೂದಲು ಹುಟ್ಟಿತ್ತಂತೆ. ಆ ಪಾದ ನೋಡುವುದಕ್ಕೆಂದೇ ರಾಜ ಬಿಂಬಿಸಾರ ಅವನನ್ನು ಕರೆಸಿಕೊಂಡ. ಆ ಸೋಣ ಭಿಕ್ಷುವಾಗಿ, ಅತ್ತಿಂದಿತ್ತ ನಡೆಯುತ್ತ ಧ್ಯಾನಿಸುವ ಚಂಕ್ರಮಣ ಮಾಡುತ್ತ ಮಾಡುತ್ತ ಕಾಲೊಡೆದು, ನಡೆದ ಜಾಗವೆಲ್ಲ ರಕ್ತವಾಯಿತು. ಬುದ್ಧ ಅವನಿಗೆ ಒಂದು ಪದರದ ಮೆಟ್ಟು ಹಾಕಿಕೊಳ್ಳಲು ಅಪ್ಪಣೆ ಕೊಟ್ಟ. ಸೋಣ ಒಪ್ಪಲಿಲ್ಲ. ಬಂಡಿಗಟ್ಟಲೆ ಹೊನ್ನು, ಆನೆಗಳ ಹಿಂಡು ಬಿಟ್ಟು ಬಂದವನು ಈಗ ಒಂದು ಜೊತೆ ಮೆಟ್ಟಿಗೆ ಅಂಟಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ. ಇಡೀ ಸಂಘಕ್ಕೆ ಕೊಟ್ಟರೆ ನಾನೂ ಹಾಕುತ್ತೇನೆ, ಇಲ್ಲವಾದರೆ ಬೇಡ ಎಂದ. ಬುದ್ಧ ಎಲ್ಲರಿಗೂ ಕೊಟ್ಟ.

ಆಮೇಲಿನ ನಿಯಮಗಳು ಓದಲು ತಮಾಷೆಯಾಗಿವೆ. ಅಪ್ಪಣೆ ಸಿಕ್ಕಿದ್ದೇ ತಡ, ಕೆಲವು ಭಿಕ್ಷುಗಳು ಬಣ್ಣಬಣ್ಣದ ಮೆಟ್ಟು ತೊಟ್ಟರು. ಬಣ್ಣಗಳ ಪಟ್ಟಿ ಮಾಡಿ ಒಂದೊಂದನ್ನೂ ನಿಷೇಧಿಸಬೇಕಾಯಿತು. ಆಮೇಲೆ ಅಂಚಿಗೆ ಸಿಂಹದ ಚರ್ಮ, ಹುಲಿಯ ಚರ್ಮ, ಚಿರತೆಯ ಚರ್ಮ ಹೊಲಿಸಿಕೊಂಡವರು ಬಂದರು, ಅದೂ ನಿಷಿದ್ಧವಾಯಿತು. 1988ರಲ್ಲಿ ಶುರುವಾದ ತ್ಯಾವರೆಕೊಪ್ಪದ ಧಾಮದಲ್ಲಿ ಬೇಲಿಯೊಳಗೆ ಮಲಗಿರುವ ಈ ಪ್ರಾಣಿಗಳಿಗೆ ಇಂಥದೊಂದು ಹಳೆಯ ರಕ್ಷಣೆಯೂ ಇತ್ತು. ಮರದ ಪಾದುಕೆಗೂ ಅವಕಾಶ ತಪ್ಪಿತು: ನಸುಕಿನಲ್ಲಿ ಟಕಟಕ ಸದ್ದು ಮಾಡಿ ಧ್ಯಾನ ಕೆಡಿಸುತ್ತದೆ, ಕೆಳಗೆ ಸಿಕ್ಕ ಹುಳವನ್ನು ಅರೆದುಬಿಡುತ್ತದೆ. ಹಲವು ಪದರದ ದಪ್ಪ ಮೆಟ್ಟು ಬೇಕೆಂದರೆ ಬೇರೆಯವರು ಹಾಕಿ ಬಿಟ್ಟದ್ದೇ ಆಗಬೇಕು. ಇದಕ್ಕೊಂದು ವಿನಾಯಿತಿ ಬಂದದ್ದು ಅವಂತಿಯಿಂದ ಬಂದ ಇನ್ನೊಬ್ಬ ಸೋಣನ ಬೇಡಿಕೆಯಿಂದ. ತಮ್ಮ ನಾಡಿನ ನೆಲ ಕಪ್ಪು ಮಣ್ಣಿನದು, ದನದ ಗೊರಸು ಊರಿ ಗಡುಸಾದದ್ದು, ಅಲ್ಲಿ ತೆಳು ಮೆಟ್ಟು ಸಾಲದು ಎಂದು ಅವನು ತನ್ನ ಗುರುವಿನ ಪರವಾಗಿ ಕೇಳಿದ. ಗಡಿನಾಡುಗಳಿಗೆಲ್ಲ ದಪ್ಪ ಮೆಟ್ಟಿನ ಅನುಮತಿ ಸಿಕ್ಕಿತು. ಆ ಲೆಕ್ಕದಲ್ಲಿ ಸಿಂಹಳದ ಇತಿಹಾಸಗ್ರಂಥ ಮಹಾವಂಸ ಹೇಳುವ ವನವಾಸಕ್ಕೆ, ಅಂದರೆ ನಮ್ಮ ಬನವಾಸಿಗೆ, ಬಂದ ರಕ್ಖಿತ ಥೇರನೂ, ಹನ್ನೊಂದನೆಯ ಶತಮಾನದಲ್ಲಿ ಬಳ್ಳಿಗಾವೆಯ ವಿಹಾರದಲ್ಲಿದ್ದ ಭಿಕ್ಷುಗಳೂ ಧಾರಾಳವಾಗಿ ದಪ್ಪ ಮೆಟ್ಟು ಹಾಕಬಹುದಿತ್ತು. ಶಾಸ್ತ್ರ ಮಣ್ಣನ್ನು ನೋಡಿ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಸೋಣನ ಹಟದ ಪಕ್ಕದಲ್ಲಿ ಎಂಟನೆಯ ಶತಮಾನದ ಶಾಂತಿದೇವನ ಪ್ರಸಿದ್ಧ ವಾದವನ್ನಿಟ್ಟು ನೋಡಬಹುದು. ಭೂಮಿಯನ್ನೆಲ್ಲ ಹೊದಿಸಲು ಚರ್ಮ ಸಾಲದು, ನಿನ್ನ ಅಂಗಾಲಿಗೆ ಹೊದಿಸಿಕೊಂಡರೆ ಭೂಮಿಗೆ ಹೊದಿಸಿದಂತೆಯೇ ಎಂಬ ಅರ್ಥದ ಮಾತು ಅವನ ‘ಬೋಧಿಚರ್ಯಾವತಾರ’ದಲ್ಲಿದೆ, ಅವನು ಹೇಳುತ್ತಿರುವುದು ಮನಸ್ಸಿನ ಕಾವಲಿನ ಬಗ್ಗೆ. ಚೆಂದದ ವಾದ. ಆದರೆ ಅದು ಮುಳ್ಳಿನ ನಾಡಿನ ವಾದ. ಮಳೆಯಲ್ಲಿ ಅದು ಸೋರುತ್ತದೆ: ಮುಳ್ಳು ಕೆಳಗಿನಿಂದ ಬಂದರೆ ನೀರು ಮೇಲಿನಿಂದ ಬರುತ್ತದೆ, ಹೊದಿಸಿಕೊಂಡಷ್ಟೂ ಒಳಗೇ ನಿಲ್ಲುತ್ತದೆ. ಇನ್ನೊಂದು ತಕರಾರೂ ಇದೆ. ತನ್ನ ಅಂಗಾಲು ಭದ್ರವಾದರೆ ಲೋಕವೇ ಭದ್ರವಾದಂತೆ ಎಂದು ನಂಬುವುದು ಬೂಟು ಹಾಕಿದವರಿಗೆ ಸುಲಭ. ಅದೇ ಗ್ರಂಥದ ಬೇರೊಂದು ಕಡೆ ಶಾಂತಿದೇವ ದಾಟುವವರಿಗೆ ದೋಣಿಯಾಗಲಿ, ಸೇತುವೆಯಾಗಲಿ ತಾನು ಎಂದು ಹಾರೈಸುತ್ತಾನೆ, ಅವನಿಗೆ ಅನ್ಯಾಯ ಮಾಡಬಾರದು. ಆದರೂ ಎಲ್ಲರಿಗೂ ಇಲ್ಲದ್ದು ನನಗೆ ಬೇಡ ಎಂದ ಶೆಟ್ಟಿಯ ಮಗನ ಮಾತು ಒಂದು ತೂಕ ಹೆಚ್ಚೇ.

ಈ ಕಥೆಗಳನ್ನು ಒಟ್ಟಿಗೆ ಇಟ್ಟರೆ ವಿಚಿತ್ರವಾದೊಂದು ರೂಢಿ ಕಾಣುತ್ತದೆ. ತನ್ನ ಕಾಲಿಗಾದರೆ ಬರಿಗಾಲು; ಇನ್ನೊಬ್ಬರ ಕಾಲಿಗಾದರೆ ಮೆಟ್ಟು.

ಮಹಾಭಾರತದ ಅನುಶಾಸನ ಪರ್ವದಲ್ಲಿ ಧರ್ಮರಾಯ ಭೀಷ್ಮನನ್ನು ಕೇಳುತ್ತಾನೆ: ಶ್ರಾದ್ಧದಲ್ಲಿ ಕೊಡೆಯನ್ನೂ ಪಾದರಕ್ಷೆಯನ್ನೂ ದಾನ ಕೊಡುತ್ತಾರಲ್ಲ, ಈ ಪದ್ಧತಿ ಹೇಗೆ ಬಂತು? ಭೀಷ್ಮ ಹೇಳುವುದು ಜಮದಗ್ನಿ ರೇಣುಕೆಯರ ಕಥೆ. ಜ್ಯೇಷ್ಠ ಮಾಸದ ನಡುಹಗಲು ಜಮದಗ್ನಿ ಆಟಕ್ಕೆಂದು ಬಾಣ ಬಿಡುತ್ತಿದ್ದಾನೆ, ರೇಣುಕೆ ಓಡಿಹೋಗಿ ಆಯ್ದು ತರುತ್ತಿದ್ದಾಳೆ. ಒಮ್ಮೆ ಅವಳು ಬರುವುದು ತಡವಾಯಿತು. ನೆತ್ತಿಯೂ ಕಾಲೂ ಸುಟ್ಟು ಮರದ ನೆರಳಲ್ಲಿ ನಿಂತಿದ್ದಳು. ಮುನಿ ಸೂರ್ಯನ ಮೇಲೇ ಬಿಲ್ಲೆತ್ತಿದ. ಸೂರ್ಯ ಬ್ರಾಹ್ಮಣನ ವೇಷದಲ್ಲಿ ಇಳಿದು ಬಂದು, ಸಮಾಧಾನ ಹೇಳಿ, ಕೊನೆಗೆ ಒಂದು ಕೊಡೆ, ಒಂದು ಜೊತೆ ಚರ್ಮದ ಪಾದರಕ್ಷೆ ಕೊಟ್ಟ. ಲೋಕಕ್ಕೆ ಅವೆರಡೂ ಬಂದದ್ದು ಹಾಗೆ. ಆ ಜೋಡು ನೀರಿಗೆ ತಡೆಯುತ್ತಿತ್ತೇ ಎಂಬ ವಿಚಾರ ಕಥೆಯಲ್ಲಿ ಬರುವುದಿಲ್ಲ. ಆದರೆ ಶಿವಮೊಗ್ಗ ಜಿಲ್ಲೆಯವರಿಗೆ ಈ ಕುಟುಂಬ ನೆರೆಮನೆಯದು: ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆ ನೆಲೆಸಿದ್ದಾಳೆ, ಅವಳ ಮಗ ಪರಶುರಾಮ ಕೊಡಲಿ ತೊಳೆದ ಜಾಗವೆಂದು ತೀರ್ಥಹಳ್ಳಿಯ ತುಂಗೆಯಲ್ಲಿ ರಾಮಕುಂಡ ತೋರಿಸುತ್ತಾರೆ. ಜಗತ್ತಿನ ಮೊದಲ ಮೆಟ್ಟು ಬಿಸಿಲಲ್ಲಿ ಗಂಡನ ಚಾಕರಿ ಮಾಡುತ್ತಿದ್ದ ಹೆಂಗಸಿನ ಕಾಲಿಗೆಂದು ಬಂತು. ಜಮದಗ್ನಿ ಆಟ ನಿಲ್ಲಿಸಿದ್ದರೂ ಕೆಲಸ ನಡೆಯುತ್ತಿತ್ತು ಎಂಬುದು ಬೇರೆ ಮಾತು.

ಶ್ರಾದ್ಧದ ಆ ದಾನ ಇವತ್ತಿಗೂ ನಡೆಯುತ್ತದೆ. ಸತ್ತವರ ಉತ್ತರಕ್ರಿಯೆಯಲ್ಲಿ ಕೊಡೆ, ಚಪ್ಪಲಿ ಖರೀದಿಸಿ ತರುತ್ತಾರೆ. ಗರುಡಪುರಾಣದ ಪ್ರಕಾರ ಯಮಪುರಿಯ ದಾರಿ ಬಹು ದೂರ; ಮುಳ್ಳಿದೆ, ಕಾದ ಮರಳಿದೆ, ನಡುವೆ ವೈತರಣಿ ದಾಟಬೇಕು. ದೂರ ಮತ್ತು ಒದ್ದೆ ಎರಡನ್ನೂ ಎಣಿಸಿದರೆ ಇದಕ್ಕಿಂತ ಕಠಿಣ ನಡಿಗೆ ಇನ್ನೊಂದಿಲ್ಲ. ಆ ನಡಿಗೆಗೆ ಚಪ್ಪಲಿ ಆರಿಸುವವರು ನಡೆಯುವವರಲ್ಲ, ಅವರ ಮಕ್ಕಳು. ಅಪ್ಪನ ಕಾಲಿನ ಅಳತೆ ಗೊತ್ತಿದ್ದೂ ಅಂಗಡಿಯಲ್ಲಿ ಸಿಕ್ಕ ಅಗ್ಗದ ಜೊತೆ ತಂದು ಶಾಸ್ತ್ರ ಮುಗಿಸುವ ಮನೆಗಳೂ ಇವೆ. ಪುರೋಹಿತರ ಕಾಲಿಗೆ ಸರಿಯಾಗುವುದನ್ನೇ ಹುಡುಕಿ ತರುವ ಮನೆಗಳೂ ಇವೆ. ಎರಡನೆಯವರು ಶಾಸ್ತ್ರವನ್ನು ಹೆಚ್ಚು ಅರ್ಥ ಮಾಡಿಕೊಂಡವರು.

ರಾಮನ ಪಾದುಕೆಯದೂ ಇದೇ ಜಾಡು. ಭರತ ಅದನ್ನು ತಲೆಯ ಮೇಲೆ ಹೊತ್ತು ಒಯ್ದು ಹದಿನಾಲ್ಕು ವರ್ಷ ನಂದಿಗ್ರಾಮದಲ್ಲಿ ಗದ್ದುಗೆಯ ಮೇಲಿಟ್ಟ. ಆಷಾಢ ಏಕಾದಶಿಗೆ ಪಂಢರಪುರ ಮುಟ್ಟುವ ವಾರಿ ಎಂಬ ಪಾದಯಾತ್ರೆಯಲ್ಲಿ ಪಲ್ಲಕ್ಕಿಯೊಳಗೆ ಕೂತು ಪ್ರಯಾಣ ಮಾಡುವವು ಜ್ಞಾನೇಶ್ವರ, ತುಕಾರಾಮರ ಪಾದುಕೆಗಳು. ಆಳಂದಿಯಿಂದ 250 ಕಿಲೋಮೀಟರಿನಷ್ಟು ದೂರ, ಮೂರು ವಾರದ ಹಾದಿ, ಮುಂಗಾರಿನ ಮಧ್ಯೆ. ಬೆಳಗಾವಿ, ಕಲಬುರಗಿ ಕಡೆಯ ಕನ್ನಡದ ವಾರಕರಿಗಳೂ ತಮ್ಮ ದಿಂಡಿಗಳೊಂದಿಗೆ ಪಂಢರಪುರಕ್ಕೆ ನಡೆಯುತ್ತಾರೆ. ಸಂತರ ಪಾದುಕೆಗೆ ಬೆಳ್ಳಿಯ ಪಲ್ಲಕ್ಕಿ, ಜನರ ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ ಅಥವಾ ಏನೂ ಇಲ್ಲ. ಪುಣೆ ದಾಟುವಾಗ ಚಮ್ಮಾರರು ರಸ್ತೆ ಬದಿ ಕೂತು, ಉಂಗುಷ್ಠ ಕಿತ್ತ ಚಪ್ಪಲಿಗಳನ್ನು ಕಾಸು ತೆಗೆದುಕೊಳ್ಳದೆ ಹೊಲಿದುಕೊಡುತ್ತಾರೆ. ಇಡೀ ವಾರಿಯಲ್ಲಿ ಪಾದುಕೆಗೆ ಸಲ್ಲುವ ಅತಿ ಹತ್ತಿರದ ಪೂಜೆ ಇದೇ ಇರಬೇಕು.

ಗಾಂಧಿಯವರಲ್ಲೂ ಈ ಎರಡು ಮುಖಗಳಿವೆ. ದಕ್ಷಿಣ ಆಫ್ರಿಕದಲ್ಲಿ ಗೆಳೆಯ ಕ್ಯಾಲೆನ್‌ಬಾಕ್ ಟ್ರಾಪಿಸ್ಟ್ ಕ್ರೈಸ್ತ ಸಂನ್ಯಾಸಿಗಳ ಮಠದಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು, ಅವರಿಂದ ಗಾಂಧಿ ಕಲಿತರು. ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ಒಂದು ಜೊತೆ ಹೊಲಿದು 1914ರಲ್ಲಿ ಕೊಟ್ಟರು; ಸ್ಮಟ್ಸ್ ಅದನ್ನು 1939ರಲ್ಲಿ ಗಾಂಧಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಹಿಂತಿರುಗಿಸಿದರು. ಎದುರಾಳಿಯ ಕಾಲಿಗೆ ಚಪ್ಪಲಿ ಹೊಲಿದ ಇದೇ ಮನುಷ್ಯ 1947ರ ಜನವರಿಯಲ್ಲಿ, 77ರ ವಯಸ್ಸಿನಲ್ಲಿ, ಗಲಭೆಯಲ್ಲಿ ಉರಿದ ನೌಖಾಲಿಯ ಹಳ್ಳಿಗಳಲ್ಲಿ ಇಬ್ಬನಿಗೆ ನೆನೆದ ಕಾಲುದಾರಿಗಳಲ್ಲಿ ಬರಿಗಾಲಲ್ಲಿ ನಡೆದರು. ಅಂಗಾಲು ಒಡೆಯಿತು. ನೋವಿನ ನೆಲದ ಮೇಲೆ ಚಪ್ಪಲಿ ಮೆಟ್ಟಿ ನಡೆಯಲು ಅವರಿಗೆ ಮನಸ್ಸಾಗಲಿಲ್ಲ.

ಎಲ್ಲ ಧರ್ಮಗಳೂ ಕಾಲನ್ನು ದಂಡಿಸಲು ಹೊರಟವಲ್ಲ. ಇಸ್ಲಾಮಿನಲ್ಲಿ ನಮಾಜಿನ ಮುಂಚೆ ಕಾಲು ತೊಳೆಯುವ ನಿಯಮವಿದ್ದರೂ, ವುಜೂ ಮಾಡಿದ ಮೇಲೆ ಚರ್ಮದ ಕಾಲುಚೀಲ ತೊಟ್ಟವರು ಮುಂದೆ ಅದನ್ನು ಬಿಚ್ಚದೆ ಒದ್ದೆ ಕೈಯಿಂದ ಮೇಲೆ ಸವರಿದರೆ ಸಾಕು. ಊರಲ್ಲಿದ್ದವರಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕರಿಗೆ ಮೂರು ಹಗಲು ಮೂರು ರಾತ್ರಿ ಈ ರಿಯಾಯಿತಿ ನಡೆಯುತ್ತದೆ. ಹನಫಿ ಪಂಥದ ಪಂಡಿತರು ಅಂಥ ಕಾಲುಚೀಲ ಹೇಗಿರಬೇಕೆಂದೂ ವಿವರಿಸಿದ್ದಾರೆ: ಹರಡು ಮುಚ್ಚಬೇಕು, ಕಟ್ಟದೆಯೂ ನಿಲ್ಲಬೇಕು, ಅದನ್ನು ತೊಟ್ಟು ಮೂರು ಮೈಲಿಯಷ್ಟು ನಡೆದರೂ ಹರಿಯಬಾರದು, ನೀರು ಒಳಕ್ಕೆ ಇಳಿಯಬಾರದು. ಬೂಟಿನ ಕಂಪನಿಗಳು ಅಳತೆಗೋಲು ಇಡುವುದಕ್ಕೆ ಶತಮಾನಗಳ ಮುಂಚೆ ಧರ್ಮಶಾಸ್ತ್ರ ಇಟ್ಟ ಅಳತೆಗೋಲು ಇದು. ಕ್ರೈಸ್ತರ ಸುವಾರ್ತೆಗಳಲ್ಲಿ ಮಾತ್ರ ಒಮ್ಮತವಿಲ್ಲ. ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಯೇಸು ಕೆರ ಮೆಟ್ಟಿಕೊಳ್ಳಲು ಹೇಳಿದನೆಂದು ಮಾರ್ಕ, ಬೇಡವೆಂದನೆಂದು ಮತ್ತಾಯ.

ಇಲ್ಲಿಯವರೆಗೆ ಬಂದ ಬರಿಗಾಲುಗಳಲ್ಲಿ ಹೆಚ್ಚಿನವು ಆರಿಸಿಕೊಂಡ ಬರಿಗಾಲುಗಳು. ಶಿವಮೊಗ್ಗದ ಗುಡ್ಡೇಕಲ್ಲಿನ ಬಾಲಸುಬ್ರಹ್ಮಣ್ಯನಿಗೆ ಆಡಿಕೃತ್ತಿಕೆಯ ಹರೋಹರ ಜಾತ್ರೆ ನಡೆಯುವುದು ಮಳೆಗಾಲದ ನಡುವೆಯೇ. ಕಾವಡಿ ಹೊತ್ತ ಭಕ್ತರು, ತಮಿಳರೂ ಕನ್ನಡಿಗರೂ, ಒದ್ದೆ ರಸ್ತೆಯಲ್ಲಿ ಬರಿಗಾಲಲ್ಲೇ ಬರುತ್ತಾರೆ. ಅವರಿಗೆ ಜಾಲರಿ ಷೂವಿನ ಉಪದೇಶ ಮಾಡುವುದು ಅಧಿಕಪ್ರಸಂಗ. ಮನೆ ಬಾಗಿಲಲ್ಲಿ ಬಿಟ್ಟು ಬಂದ ಚಪ್ಪಲಿ ಇದೆಯಲ್ಲ, ಅವರ ಹರಕೆಗೆ ಬೆಲೆ ಬರುವುದು ಅದರಿಂದ. ಮರುದಿನ ಅವರು ಅದನ್ನು ಮತ್ತೆ ಮೆಟ್ಟುತ್ತಾರೆ.

ಬಿಟ್ಟು ಬರಲು ಚಪ್ಪಲಿಯೇ ಇಲ್ಲದವರ, ಇದ್ದರೂ ಮೆಟ್ಟಲು ಅಪ್ಪಣೆಯಿಲ್ಲದವರ ಬರಿಗಾಲು ನೋಡಲು ಅದೇ ಥರ ಇರುತ್ತದೆ. ಕರ್ನಾಟಕದ ಎಷ್ಟೋ ಊರುಗಳಲ್ಲಿ ದಲಿತರು ಮೇಲ್ಜಾತಿಯವರ ಕೇರಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲ; ಕೈಯಲ್ಲಿ ಹಿಡಿದು ದಾಟಬೇಕಿತ್ತು. ಸತ್ತ ದನದ ಚರ್ಮ ಸುಲಿದು, ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದಗೊಳಿಸಿ, ಊರಿಗೆಲ್ಲ ಜೋಡು ಹೊಲಿದು ಕೊಟ್ಟವರಿಗೇ ಈ ಕಟ್ಟಳೆ. ಹನ್ನೆರಡನೆಯ ಶತಮಾನದ ಹರಳಯ್ಯನ ಕಥೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ತನ್ನ ‘ಶರಣು’ವಿಗೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದು ಒಂದು ಶರಣು ಹೆಚ್ಚಾಗಿ ಹೇಳಿದ್ದರ ಋಣ ತೀರಿಸಲು ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಜೋಡು ಹೊಲಿದರು. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡ. ಮೆಟ್ಟಲು ಹೋದ ಬ್ರಾಹ್ಮಣ ಮಧುವರಸನ ಮೈ ಉರಿಯಿತು ಎಂದು ಪರಂಪರೆ ಹೇಳುತ್ತದೆ. ಮುಂದೆ ಈ ಎರಡು ಮನೆಗಳ ನಡುವೆ ನಡೆದ ಮದುವೆಯೇ ಕಲ್ಯಾಣದ ರಕ್ತಪಾತಕ್ಕೆ ಕಿಡಿಯಾಯಿತು. ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಪಿ. ಲಂಕೇಶ್ ‘ಸಂಕ್ರಾಂತಿ’ ನಾಟಕಕ್ಕೆ ಆರಿಸಿಕೊಂಡದ್ದು ಆ ಕಾಲವನ್ನೇ. ಭಕ್ತರು ಹರಳಯ್ಯನ ತ್ಯಾಗವನ್ನು ಕೊಂಡಾಡುತ್ತಾರೆ. ಆ ಕಾಲದಲ್ಲಿ ಹರಳಯ್ಯನ ಕಾಲಲ್ಲಿ ಏನಿತ್ತು ಎಂದು ಕಥೆ ಹೇಳುವವರು ಹೇಳಿದ್ದಿಲ್ಲ, ಕೇಳುವವರು ಕೇಳಿದ್ದಿಲ್ಲ.

ಮಳೆಗೆ ಹರಕೆಯ ಬರಿಗಾಲು ಯಾವುದು, ಬಡತನದ್ದು ಯಾವುದು ಎಂಬ ಭೇದ ತಿಳಿಯದು. ಇಲಿಯ ಮೂತ್ರದಿಂದ ನಿಂತ ನೀರಿಗೆ ಸೇರಿ, ನೆನೆದ ಅಥವಾ ಗೀರಿದ ಚರ್ಮದ ಮೂಲಕ ಮೈಗೆ ನುಗ್ಗುವ ಇಲಿ ಜ್ವರಕ್ಕೂ ತಿಳಿಯದು. ಜಿಲ್ಲೆಯಲ್ಲಿ ಮಳೆಗಾಲದ ಜೊತೆಗೇ ಬರುವ ಈ ಕಾಯಿಲೆ ಹೆಚ್ಚಾಗಿ ಹಿಡಿಯುವುದು ಗದ್ದೆಯಲ್ಲಿ ದಿನವಿಡೀ ನಿಲ್ಲುವವರನ್ನು. ಬೆರಳ ಸಂದಿನ ಕೆಸರುಹುಣ್ಣು ಅವರ ಪಾಲಿಗೆ ಕಾಯಿಲೆಯ ಲೆಕ್ಕದಲ್ಲೇ ಬರುವುದಿಲ್ಲ. ಎಂಟು ಗಂಟೆ ಬಗ್ಗಿ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಎಕರೆಗಟ್ಟಲೆ ಸಸಿ ನೆಡುವ ಹೆಂಗಸರು ಒದ್ದೆಯಲ್ಲಿ ನಡೆಯುವ ದೂರವನ್ನು ಯಾವ ಪಾದಯಾತ್ರೆಯವರೂ ಲೆಕ್ಕ ಹಾಕಿಲ್ಲ. ಚಾತುರ್ಮಾಸ್ಯದ ಯತಿಗಳು ನೆಲ ತುಳಿಯದೆ ಕೂತಿರುವ ಅದೇ ತಿಂಗಳುಗಳಲ್ಲಿ ಅವರ ಭಿಕ್ಷೆಯ ಅಕ್ಕಿ ಈ ಕಾಲುಗಳ ಕೆಳಗಿನ ಕೆಸರಿನಲ್ಲಿ ಬೆಳೆಯುತ್ತಿರುತ್ತದೆ.

ಅವರಿಗೆ ಗಂಬೂಟು ಕೊಟ್ಟರಾಯಿತಲ್ಲ ಎನ್ನುವವರು ಗದ್ದೆಗೆ ಇಳಿದವರಲ್ಲ. ಅರಲು ಮಣ್ಣು ಬೂಟನ್ನು ಹಿಡಿದುಕೊಳ್ಳುತ್ತದೆ. ಕಾಲು ಮೇಲೆ ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಜಪಾನಿನಲ್ಲಿ ಇದಕ್ಕೆಂದೇ ತೆಳು ರಬ್ಬರಿನ, ಮೀನಖಂಡಕ್ಕೆ ಅಂಟಿ ಕೂರುವ, ಮೊಣಕಾಲಿನವರೆಗಿನ ನಾಟಿ ಬೂಟುಗಳನ್ನು ಮಾಡುತ್ತಾರೆ. ಕೃಷಿ ಸಾಮಾನಿನ ಅಂಗಡಿಗಳಲ್ಲಿ ಮಾಮೂಲಾಗಿ ಸಿಗುತ್ತವೆ. ಮಾಡಲಾಗದ ವಸ್ತುವೇನಲ್ಲ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆಯಂಥ ಕಡೆ ಕುಲುಮೆಯ ಮುಂದೆ ನಿಲ್ಲುವವರಿಗೆ ಸುರಕ್ಷಾ ಬೂಟು ಒದಗಿಸುವುದು ಮಾಲೀಕರ ಹೊಣೆ ಎಂಬುದು ಒಪ್ಪಿತವಾದ ಮಾತು. ಅದೇ ಭದ್ರಾವತಿಯ ಸುತ್ತ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳಲ್ಲಿ ನಾಟಿ ಮಾಡಿಸುವವರು ಕೂಲಿ ಕೊಡುತ್ತಾರೆ, ಊಟವನ್ನೋ ಕಾಫಿಯನ್ನೋ ಕೊಡುತ್ತಾರೆ, ಎಲೆಅಡಿಕೆ ಕೊಡುತ್ತಾರೆ. ಕಾಲಿಗೆ ಏನನ್ನೂ ಕೊಡುವ ರೂಢಿಯಿಲ್ಲ. ವರ್ಷಕ್ಕೊಮ್ಮೆ ತಂದೆಯ ತಿಥಿಯ ದಿನ ಚಪ್ಪಲಿಯೂ ಕೊಡೆಯೂ ದಾನವಾಗಿ ಹೋಗುವ ಮನೆಗಳೂ ಅವರಲ್ಲಿವೆ.